ಟ್ರೇಯಲ್ಲಿ ಇಲ್ಲದ ಕೀ

ಕಾರಿನ ಬಾಗಿಲು ತೆರೆದು ಒಳಗೆ ಕೂತ ತಕ್ಷಣ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಸೀಟು ಒಂದು ಗೇಣು ಹಿಂದಕ್ಕೆ ಹೋಗಿರುತ್ತಿತ್ತು, ಕನ್ನಡಿ ಆಕಾಶ ನೋಡುತ್ತಿರುತ್ತಿತ್ತು, ಪೆಟ್ರೋಲಿನ ಮುಳ್ಳು ನೆಲ ಕಚ್ಚಿರುತ್ತಿತ್ತು. ಅಣ್ಣ ಕಾರು ತೆಗೆದುಕೊಂಡು ಹೋಗಿದ್ದ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಹೇಳಿ ಹೋಗುವ ಅಭ್ಯಾಸವಂತೂ ಆ ಮಹಾಶಯನಿಗೆ ಇರಲಿಲ್ಲ. ಕಾರು ಅವಳದು. ಕಾಗದಪತ್ರದಲ್ಲಿ ಅವಳ ಹೆಸರು, ನೆತ್ತಿಯ ಮೇಲೆ ಅವಳ ಡ್ರೈವಿಂಗ್ ಶಾಲೆಯ ಹಳದಿ ಬೋರ್ಡು, ಪಕ್ಕದ ಸೀಟಿನ ಕೆಳಗೆ ಅವಳೇ ಎದುರು ನಿಂತು ಹಾಕಿಸಿದ ಎರಡನೇ ಬ್ರೇಕು. ಎರಡನೇ ಕೀ ಮಾತ್ರ ಅಣ್ಣನ ಜೇಬಿನಲ್ಲಿ.

ಕಾರು ಮನೆಗೆ ಬಂದ ದಿನವೇ ಅವನು ಕೈ ಚಾಚಿದ್ದ. "ಎರಡೂ ನಿನ್ನ ಹತ್ರಾನೇ ಇದ್ರೆ ಎರಡನ್ನೂ ಕಳ್ಕೋತೀಯ. ಒಂದು ನನ್ನ ಹತ್ರ ಜೋಪಾನವಾಗಿರ್ಲಿ." ಅವಳು ಅಂದು ಸಂತೋಷದಲ್ಲಿದ್ದಳು, ಹೂಂ ಅಂದುಬಿಟ್ಟಳು. ಆ ಒಂದು ಹೂಂಗೆ ಆರು ವರ್ಷ ಹಲ್ಲು ಕಚ್ಚಿಕೊಂಡು ಕೂತಳು. ಪಾಠದ ಹೊತ್ತಿಗೆ ಕಾರು ಇಲ್ಲ, ಗೇಟಿನ ಹತ್ತಿರ ಕಲಿಯುವವರು ಕಾಯುತ್ತಾ ನಿಂತಿದ್ದಾರೆ, ಇವಳು ಹಲ್ಲು ಗಿಂಜುತ್ತಾ ಕ್ಷಮೆ ಕೇಳುತ್ತಿದ್ದಾಳೆ. ಎಷ್ಟು ಸಲವೋ ಲೆಕ್ಕವಿಲ್ಲ. ಒಬ್ಬೊಬ್ಬರಾಗಿ ಬೇರೆ ಶಾಲೆ ಹುಡುಕಿಕೊಂಡು ಹೋದರು. ಯಾಕೆ ಹೋದರು ಅಂತ ಅಣ್ಣ ಒಂದು ದಿನವೂ ಕೇಳಲಿಲ್ಲ, "ನಿನಗೆ ಕಲಿಸೋಕೆ ಬರಲ್ಲ" ಅಂದ ಅಷ್ಟೆ.

ಹೋಗದೆ ಉಳಿದವರಲ್ಲಿ ಒಬ್ಬರು ಹೆಡ್ ಮೇಡಂ. ಶಾಲೆಯೊಂದರ ಮುಖ್ಯಸ್ಥೆಯಾಗಿದ್ದು ನಿವೃತ್ತರಾದವರು, ಅರವತ್ತೆರಡು ವಯಸ್ಸು, ಎರಡು ಮೊಣಕಾಲೂ ಕೈ ಕೊಟ್ಟಿವೆ. ಎಲ್ಲಿಗೆ ಹೋಗಬೇಕಾದರೂ ನೆರೆಮನೆಯವರನ್ನು "ಸ್ವಲ್ಪ ಬಿಡ್ತೀರಾ" ಅಂತ ಕೇಳುವುದು ಅವರಿಗೆ ಸಾಕಾಗಿತ್ತು. "ಇನ್ನು ಯಾರ ಹಂಗೂ ಬೇಡ ನನಗೆ" ಅಂತ ಮೊದಲ ದಿನವೇ ಸ್ಟಿಯರಿಂಗಿಗೆ ಎರಡು ಏಟು ಹಾಕಿ ಕೂತಿದ್ದರು. ಅವರ ಲೈಸೆನ್ಸ್ ಟೆಸ್ಟ್ ಎರಡು ಸಲ ತಪ್ಪಿತ್ತು. ಎರಡು ಸಲವೂ ಕಾರಣ ಒಂದೇ: ಬೆಳಗ್ಗೆ ಎದ್ದು ನೋಡಿದರೆ ಕಾರಿಲ್ಲ. ಈಗ ಗುರುವಾರ ಹತ್ತು ಗಂಟೆಗೆ ಮೂರನೇ ಟೆಸ್ಟು. ಅವರ ಕಲಿಕಾ ಲೈಸೆನ್ಸಿನ ಅವಧಿ ಶುಕ್ರವಾರಕ್ಕೆ ಮುಗಿಯುತ್ತದೆ. ಇದೂ ತಪ್ಪಿದರೆ ಮತ್ತೆ ಮೊದಲಿನಿಂದ ಶುರು. ಹಾಗೇನಾದರೂ ಆದರೆ ಹಳದಿ ಬೋರ್ಡು ಕಿತ್ತು ಅಟ್ಟಕ್ಕೆ ಎಸೆಯುವುದೇ ಸರಿ ಅಂತ ಅವಳು ತೀರ್ಮಾನಿಸಿಬಿಟ್ಟಿದ್ದಳು.

ಅಂಥ ಹೊತ್ತಿನಲ್ಲೇ, ಮಂಗಳವಾರ ಮಧ್ಯಾಹ್ನ, ನಾಲ್ಕು ರಸ್ತೆ ಕೂಡುವ ಕಡೆ ಹೆಡ್ ಮೇಡಂ ಕ್ಲಚ್ಚನ್ನು ದಡಕ್ಕನೆ ಬಿಟ್ಟರು. ಇಂಜಿನ್ ನಿಂತಿತು. ಕೀ ತಿರುಗಿಸಿದರು, ಏಳಲಿಲ್ಲ. ಮುಂದಿನ ಫಲಕದಲ್ಲಿ ಕೀ ಗುರುತಿನ ಕೆಂಪು ದೀಪವೊಂದು ಪಿಳಿಪಿಳಿ ಅನ್ನತೊಡಗಿತು. ಹಿಂದಿನಿಂದ ಹಾರ್ನುಗಳ ಅಬ್ಬರ. ಹೆಡ್ ಮೇಡಂ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸದ್ದು! ಒಬ್ಬೊಬ್ರಾಗಿ ಪಕ್ಕದಿಂದ ಹೋಗಿ!" ಅಂತ ಗದರಿದರು. ಆಶ್ಚರ್ಯ ನೋಡಿ, ಗಡ್ಡ ಬಂದ ಗಂಡಸರೆಲ್ಲ ತೆಪ್ಪಗೆ ಸಾಲಾಗಿ ಹೋದರು. ಹನ್ನೊಂದನೇ ಸಲಕ್ಕೆ ಇಂಜಿನ್ ಎದ್ದಿತು. ಅಲ್ಲಿಂದ ನೇರ ಕೀ ಡಾಕ್ಟರ ಅಂಗಡಿಗೆ ಹೋದರು.

ಕೀ ಡಾಕ್ಟರು ಅಂದರೆ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಬಿಳಿ ಕೋಟು ಹಾಕಿಕೊಂಡು ಕೂರುವ ಮುದುಕರು. ಒಂದು ಗೋಡೆಗೆ ಕಾರಿನ ಕೀಗಳ ಖಾಲಿ ಕವಚಗಳು, ಇನ್ನೊಂದಕ್ಕೆ ಆಫೀಸು, ಹೋಟೆಲುಗಳ ಬಾಗಿಲು ತೆಗೆಯುವ ಪ್ಲಾಸ್ಟಿಕ್ ಕಾರ್ಡುಗಳು. ಅವಳ ಕೀಯನ್ನು ಬಿಚ್ಚಿ, ಭೂತಗನ್ನಡಿಯಲ್ಲಿ ನೋಡಿ, ಮೂಗು ಮುರಿದರು.

"ಕಾರಿಗೆ ಗುರುತು ಹೇಳೋ ಒಳಗಿನ ಚಿಪ್‌ಗೆ ಕೊನೆಗಾಲ. ಇವತ್ತೋ ನಾಳೆಯೋ ಅನ್ನೋ ಹಂಗಿದೆ. ಹೊಸದು ಮಾಡ್ತೀನಿ. ನಾಳೆ ಕಾರು ತನ್ನಿ, ಕಾಗದ ತನ್ನಿ, ಆ ಕಾರಿನ ಕೀ ಎಷ್ಟಿವೆಯೋ ಅಷ್ಟನ್ನೂ ತನ್ನಿ."

"ಅಷ್ಟೂ ಯಾಕೆ?"

"ನಿಮ್ಮ ಕಾರಿಗೆ ಹೊಸ ಕೀ ಪರಿಚಯ ಮಾಡಿಸ್ಬೇಕಾದ್ರೆ ಹಳೇ ಪಟ್ಟಿ ಪೂರ್ತಿ ಅಳಿಸ್ಬೇಕಮ್ಮ. ಆಮೇಲೆ ಈ ಟ್ರೇಲಿ ಇರೋದನ್ನೆಲ್ಲ ಒಂದೊಂದಾಗಿ ಸೇರಿಸ್ತೀನಿ. ಟ್ರೇಲಿ ಇಲ್ಲದ ಕೀ ಬಾಗಿಲೇನೋ ತೆಗೆಯುತ್ತೆ, ಇಂಜಿನ್ ಮಾತ್ರ ಏಳಲ್ಲ." ಗೋಡೆಯಿಂದ ಹೋಟೆಲ್ ಕಾರ್ಡೊಂದನ್ನು ಕಿತ್ತು ಅಲ್ಲಾಡಿಸಿದರು. "ರೂಮಿಗೆ ಹೊಸಬರು ಬಂದ್ಮೇಲೆ ಹಳಬರ ಕಾರ್ಡು ಕೆಲಸ ಮಾಡುತ್ತಾ? ಹಂಗೇ ಇದೂ."

ಸಂಜೆ ಮನೆಯಲ್ಲಿ ಅಣ್ಣ ಸೋಫಾದಲ್ಲಿ ಕಾಲು ಚಾಚಿಕೊಂಡು ಟೀವಿ ನೋಡುತ್ತಿದ್ದ. ಅತ್ತಿಗೆ ಕೆಳಗೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಇವಳು ಬಾಯಿ ತೆರೆಯುವ ಮೊದಲೇ ಅವನು, ಟೀವಿಯಿಂದ ಕಣ್ಣು ತೆಗೆಯದೆ, "ಗುರುವಾರ ಬೆಳಗ್ಗೆ ನನಗೆ ಕಾರು ಬೇಕು. ಸ್ನೇಹಿತನಿಗೆ ಒಂದು ಮನೆ ತೋರಿಸ್ಬೇಕು" ಅಂದ.

"ಗುರುವಾರ ಹೆಡ್ ಮೇಡಂ ಟೆಸ್ಟ್ ಇದೆ. ಕೊಡಕ್ಕಾಗಲ್ಲ."

"ಆ ಮುದುಕಿ ಡ್ರೈವಿಂಗ್ ಕಲ್ತು ಯಾವ ರೇಸಿಗೆ ಹೋಗ್ಬೇಕಂತೆ? ಮುಂದಿನ ವಾರ ಕೊಡ್ಲಿ ಟೆಸ್ಟು."

"ಮುಂದಿನ ವಾರ ಅನ್ನೋದು ಇಲ್ಲ ಅವರಿಗೆ. ಎರಡು ಸಲ ನಿನ್ನಿಂದ ತಪ್ಪಿದೆ. ಇನ್ಮೇಲೆ ಕಾರು ಬೇಕಾದ್ರೆ ಕೇಳ್ಬೇಕು, ನಾನು ಹೂಂ ಅಂದ್ರೆ ಮಾತ್ರ ತಗೊಂಡು ಹೋಗ್ಬೇಕು."

ಅಣ್ಣ ಈಗ ತಿರುಗಿದ. ನಕ್ಕ. "ನಮ್ಮ ಮನೆ ಕಾರಿಗೆ ನಾನು ಅರ್ಜಿ ಹಾಕ್ಬೇಕಾ? ಚೆನ್ನಾಗಿದೆ ಕಣೇ!"

ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ತಡೆದುಕೊಂಡು ಕೀ ಡಾಕ್ಟರು ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದಳು: ಇರುವ ಕೀ ಕೆಟ್ಟಿದೆ, ನಾಳೆ ಹೊಸದು ಮಾಡಿಸಬೇಕು, ಟ್ರೇಯಲ್ಲಿ ಇಲ್ಲದ ಕೀಗೆ ಇಂಜಿನ್ ಏಳುವುದಿಲ್ಲ, ಆದ್ದರಿಂದ ನಿನ್ನ ಹತ್ತಿರ ಇರುವುದನ್ನೂ ಕೊಡು. ಕೇಳಿ ತೆಗೆದುಕೊಂಡು ಹೋಗುತ್ತೇನೆ ಅಂತ ಅವನು ಒಂದು ಮಾತು ಅಂದರೆ ಸಾಕು, ಅದನ್ನೂ ಸೇರಿಸಿಕೊಂಡು ಬರೋಣ ಅನ್ನುವಷ್ಟು ಮೆತ್ತಗೆ ಅವಳ ಮನಸ್ಸು ಆಗಲೂ ಇತ್ತು. ಒಡಹುಟ್ಟಿದವನು, ಎಷ್ಟೆಂದರೂ.

ಅಣ್ಣ ಒಂದು ಕ್ಷಣ ಯೋಚಿಸಿದ. ಕೊಟ್ಟರೆ ತಂಗಿ ವಾಪಸು ಕೊಡುವುದಿಲ್ಲ ಅಂತ ಅವನ ಲೆಕ್ಕ. "ಅದಾ? ಅದು ಯಾವಾಗ್ಲೋ ಕಳ್ದೋಯ್ತು" ಅಂದ.

"ಕಳ್ದೋಯ್ತಾ?"

"ಹೂಂ ಕಣೇ, ಎಲ್ಲೋ ಬಿದ್ದೋಗಿದೆ. ಮತ್ತೆ ಆ ಮುದುಕ ನಿನ್ನ ಕಿವಿಗೆ ಹೂವಿಟ್ಟಿದ್ದಾನೆ, ತಿಳ್ಕೋ. ಕಾರಿಗೆ ಯಾವ ಕೀ ಎಲ್ಲಿದೆ ಅಂತ ನೆನಪಿರುತ್ತಂತಾ? ಕಬ್ಬಿಣ ಕಣೇ ಅದು."

ಅತ್ತಿಗೆಯ ಕೈ ನಿಂತಿತು. ಆ ದಿನ ಬೆಳಗ್ಗೆ ಒಗೆಯಲು ಹಾಕುವ ಮೊದಲು ಗಂಡನ ಪ್ಯಾಂಟಿನಿಂದ ಅದೇ ಕೀಯನ್ನು ತೆಗೆದಿಟ್ಟವಳು ಅವಳೇ. ಈಗ ಅವನು ಹಾಕಿಕೊಂಡಿದ್ದ ಪ್ಯಾಂಟಿನ ಬಲಜೇಬಿನಲ್ಲಿ ಅದು ಉಬ್ಬಿಕೊಂಡು ಕಾಣುತ್ತಿತ್ತು. ಇವಳೂ ನೋಡಿದಳು. ನಾದಿನಿ, ಅತ್ತಿಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತಿಗೆ ಮತ್ತೆ ಬಟ್ಟೆ ಮಡಚತೊಡಗಿದಳು.

ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಗುರುವಾರ ಬೆಳಗ್ಗೆ ಏನಾಗುತ್ತದೆ ಅಂತ ಕಣ್ಣಿಗೆ ಕಟ್ಟಿದ ಹಾಗಿತ್ತು. ಇವಳು ಏಳುವ ಮೊದಲೇ ಆ ಕಳೆದುಹೋದ ಕೀ ಸದ್ದಿಲ್ಲದೆ ಕಾರಿನೊಳಗೆ ಹೋಗುತ್ತದೆ. ಕೇಳಿದರೆ "ಸಿಕ್ತು" ಅನ್ನುತ್ತಾನೆ. ಇಷ್ಟು ವರ್ಷ ಎದುರಿಗೇ ದಬಾಯಿಸುತ್ತಿದ್ದವನು ಈಗ ಸುಳ್ಳಿಗೂ ಇಳಿದ. ನಾನು ಅಷ್ಟು ದಡ್ಡಿಯಾ ಅನ್ನುವುದೇ ಅವಳನ್ನು ಚುಚ್ಚಿತು.

ಬುಧವಾರ ಕೀ ಡಾಕ್ಟರು ಅವಳ ಕಾಗದದಲ್ಲಿ ಹೆಸರು ಓದಿದರು, ಗುರುತಿನ ಚೀಟಿಯ ಫೋಟೋ ನೋಡಿದರು, ಅವಳ ಮುಖ ನೋಡಿದರು. ಅಲ್ಯೂಮಿನಿಯಮ್ ಟ್ರೇ ಮುಂದೆ ತಳ್ಳಿದರು. ಅವಳು ಸಾಯುತ್ತಿರುವ ತನ್ನ ಕೀ ಒಂದನ್ನೇ ಇಟ್ಟಳು.

"ಇನ್ನೊಂದು ಇದೆಯಾ?"

ಅವಳು ಆ ಒಂದು ಕೀಯನ್ನು ಟ್ರೇಯ ನಡುವಿಗೆ ಸರಿಸಿದಳು.

"ನಾನು ಮೂರು ಸಲ ಕೇಳ್ತೀನಮ್ಮ. ಒಂದ್ಸಲ ಕೇಳದೆ ಮಾಡ್ಕೊಟ್ಟೆ, ಒಂದು ಮನೆ ಜಗಳ ಪೂರ್ತಿ ನನ್ನ ಅಂಗಡಿಗೆ ಬಂತು. ಇನ್ನೊಂದು ಇದೆಯಾ?"

"ಇದ್ರೆ ಏನಾಗುತ್ತೆ?"

"ಇದ್ರೆ ತರ್ಬೇಕು. ಕಳ್ದೋಗಿದ್ರೆ ಈ ಪುಸ್ತಕದಲ್ಲಿ ಕಳೆದಿದೆ ಅಂತ ಬರೆದು ಸಹಿ ಹಾಕ್ಬೇಕು. ಮೂರನೇ ಸಲ ಕೇಳ್ತಿದ್ದೀನಿ. ಇನ್ನೊಂದು ಇದೆಯಾ?"

ಸುಲಭದ ದಾರಿ ಅವಳ ಮುಂದೆಯೇ ಇತ್ತು. ಕಳೆದಿದೆ ಅಂತ ಅಣ್ಣನೇ ಹೇಳಿದ್ದಾನೆ, ಹಾಗೆಯೇ ಬರೆದರೆ ಯಾರೂ ಏನೂ ಅನ್ನುವಂತಿಲ್ಲ. ಆದರೆ ಅವನ ಸುಳ್ಳಿಗೆ ನನ್ನ ಸಹಿ ಯಾಕೆ? ನನ್ನ ಕಾರಿನಿಂದ ಅವನನ್ನು ಇಳಿಸುವುದಕ್ಕೆ ಅವನದೇ ನೆಪ ಬೇಕಾ ನನಗೆ?

"ಇದೆ" ಅಂದಳು. "ಕಳೆದಿಲ್ಲ. ನನ್ನಣ್ಣನ ಜೇಬಲ್ಲಿದೆ. ಏನಾಗುತ್ತೆ ಅಂತ ಹೇಳಿ ಕೇಳ್ದೆ, ಕಳ್ದೋಗಿದೆ ಅಂತ ಸುಳ್ಳು ಹೇಳ್ದ. ನನಗೆ ಆ ಕೀ ಬೇಡ. ಅದನ್ನ ಪಟ್ಟಿಯಿಂದ ತೆಗೀರಿ. ಹೊಸದು ಎರಡು ಮಾಡ್ಕೊಡಿ."

ಕೀ ಡಾಕ್ಟರು ಭೂತಗನ್ನಡಿ ಕೆಳಗಿಟ್ಟರು. "ಕಾರು ಯಾರದ್ದು?"

"ನಂದು."

"ಹಂಗಾದ್ರೆ ಮುಗೀತು" ಅಂತ ಪುಸ್ತಕ ತಿರುಗಿಸಿ ಕೊಟ್ಟರು. ಕಳೆದಿದೆ ಅಂತ ಅಚ್ಚಾಗಿದ್ದ ಕಡೆ ಅವಳು ಗೀಟು ಹೊಡೆದಳು. ಮೇಲೆ ದಪ್ಪಕ್ಷರದಲ್ಲಿ, ಕಳೆದಿಲ್ಲ, ನನಗೆ ಬೇಡ ಅಂತ ಬರೆದು ಸಹಿ ಹಾಕಿದಳು. ಮುದುಕರು ಅದನ್ನು ಎರಡು ಸಲ ಓದಿ, ಕಾರಿಗೆ ತಮ್ಮ ಯಂತ್ರದ ವೈರು ಸಿಕ್ಕಿಸಿದರು. ಇಪ್ಪತ್ತು ನಿಮಿಷದಲ್ಲಿ ಹೊಸ ಕೀಗಳು ಎರಡು ಅವಳ ಕೈಯಲ್ಲಿದ್ದವು.

ಗುರುವಾರ ಎಂಟೂವರೆಗೆ ಹೆಡ್ ಮೇಡಂ ಗೇಟಿನ ಹತ್ತಿರ ಆಟೋದಿಂದ ಇಳಿದರು. ಇವಳು ಹೊರಗೆ ಬಂದು ನೋಡಿದರೆ ಅಣ್ಣ ಆಗಲೇ ಡ್ರೈವರ್ ಸೀಟಿನಲ್ಲಿ! ಕೀ ತಿರುಗಿಸುತ್ತಾನೆ, ಬಿಡುತ್ತಾನೆ, ತಿರುಗಿಸುತ್ತಾನೆ. ಕೆಂಪು ದೀಪ ಪಿಳಿಪಿಳಿ ಅನ್ನುತ್ತಿದೆ. ಅವನ ಮೂತಿ ಆ ದೀಪಕ್ಕಿಂತ ಕೆಂಪು. ಪಾಲಿಶ್ ಹಾಕಿದ ಬೂಟಿನ ಸ್ನೇಹಿತ ಫುಟ್‌ಪಾತಿನ ಮೇಲೆ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದ.

"ಏನ್ ಮಾಡಿದ್ದೀಯೇ ಕಾರಿಗೆ?" ಅಣ್ಣ ಅಬ್ಬರಿಸಿದ.

"ಯಾವ ಕೀ ಹಾಕಿದ್ದೀಯ?"

ಮೆಟ್ಟಿಲ ಮೇಲಿಂದ ಅತ್ತಿಗೆಯ ದನಿ ಕೇಳಿತು. ಬಹಳ ಮೆತ್ತಗಿನ ದನಿ. "ಸಿಕ್ತಾ ರೀ? ಮೊನ್ನೆ ಕಳ್ದೋಯ್ತು ಅಂತಿದ್ರಲ್ಲ."

ಸ್ನೇಹಿತ ಕೆಮ್ಮಿದ. ಅಣ್ಣ ಕೀ ಹೊರಗೆಳೆದುಕೊಂಡ. "ಹೂಂ, ಸಿಕ್ತು. ಸೋಫಾ ಸಂದೀಲಿತ್ತು" ಅಂದವನು, ಆಮೇಲೆ ತಂಗಿಯ ಕಡೆ ತಿರುಗಿ ದನಿ ಇಳಿಸಿದ. "ಆಯ್ತು ಬಿಡು, ಕಳ್ದೋಗಿದೆ ಅಂದ್ಕೊಂಡು ತೆಗೆಸಿದ್ದೀಯ. ನಿಂದೇನು ತಪ್ಪಿಲ್ಲ. ಈಗ ಸಿಕ್ತಲ್ಲ, ಸಂಜೆ ಹೋಗಿ ಸೇರಿಸ್ಕೊಂಡು ಬಾ."

ಎಲಾ ಇವನ! ಕ್ಷಮಿಸುವವನೂ ಇವನೇ! ಅವಳಿಗೆ ನಗು ಬಂತು, ಆರು ವರ್ಷದ ಸಿಟ್ಟೂ ಒಟ್ಟಿಗೇ ಬಂತು.

"ಕಳ್ದೋಗಿದೆ ಅಂತ ತೆಗೆಸಿಲ್ಲ" ಅಂದಳು, ಬೂಟಿನವನಿಗೂ ಕೇಳುವ ಹಾಗೆ. "ನಿನ್ನ ಜೇಬಲ್ಲಿದೆ ಅಂತ ಗೊತ್ತಿದ್ದೇ ತೆಗೆಸಿದ್ದು. ಹಾಗಂತ ಬರೆದು ಸಹಿ ಹಾಕಿ ಬಂದಿದ್ದೀನಿ. ಸಂಜೆಗೂ ಸೇರಿಸಲ್ಲ, ಯಾವತ್ತೂ ಸೇರಿಸಲ್ಲ."

"ಮನೆ ಮರ್ಯಾದೆ ಬೀದೀಲಿ ಕಳೀತಿದ್ದೀಯ ನೀನು."

"ಕಾರೂ ಬೀದೀಲೇ ಇದೆಯಲ್ಲ, ಇಲ್ಲೇ ಮಾತಾಡೋಣ."

ಅಷ್ಟರಲ್ಲಿ ಹೆಡ್ ಮೇಡಂ ಕುಂಟುತ್ತಾ ಬಂದು ಡ್ರೈವರ್ ಬಾಗಿಲು ತೆರೆದು ಹಿಡಿದರು. "ಇಳೀರಿ. ಅದು ನನ್ನ ಸೀಟು."

ನಲವತ್ತೈದರ ಅಣ್ಣ ತರಗತಿಯಿಂದ ಹೊರಗೆ ಹಾಕಿಸಿಕೊಂಡವನ ಹಾಗೆ ಇಳಿದ. ಆ ಕೀಯನ್ನು ಏನು ಮಾಡಬೇಕೋ ತಿಳಿಯದೆ ಅಂಗೈಯಲ್ಲೇ ಹಿಡಿದು ನಿಂತ. ಹೆಡ್ ಮೇಡಂ ಸೀಟನ್ನು ಒಂದು ಗೇಣು ಮುಂದಕ್ಕೆ ಎಳೆದುಕೊಂಡರು, ಕನ್ನಡಿ ಸರಿಮಾಡಿದರು. ಇವಳು ಪಕ್ಕದಲ್ಲಿ ಕೂತು ಹೊಸ ಕೀ ಕೊಟ್ಟಳು. ಮೊದಲ ಸಲಕ್ಕೇ ಇಂಜಿನ್ ಎದ್ದಿತು.

ಅಣ್ಣ ಕಿಟಕಿಗೆ ಬಗ್ಗಿದ. ಹಳೆಯ ಮಾತೇ ಅವನ ಬಾಯಿಗೆ ಬಂತು. "ಎರಡೂ ನಿನ್ನ ಹತ್ರಾನೇ ಇಟ್ಕೊಂಡು ಕಳ್ಕೊಂಡ್ರೆ ಆಗ ಗೊತ್ತಾಗುತ್ತೆ ನಿನಗೆ."

"ಕಳ್ಕೊಂಡ್ರೆ ನಂದನ್ನ ನಾನು ಕಳ್ಕೋತೀನಿ" ಅಂದಳು ಅವಳು. "ನೀನು ಸ್ವಲ್ಪ ಹಿಂದೆ ಸರಿ. ಮೇಡಂ ಈಗ ಕ್ಲಚ್ ಬಿಡ್ತಾರೆ."