ದ್ಯಾಮಣ್ಣನ ಮುಖ ಹೊತ್ತ ಫ್ಲೆಕ್ಸು

ನಾನೊಂದು ಫ್ಲೆಕ್ಸು. ಬಸ್ ಸ್ಟ್ಯಾಂಡಿನ ಎದುರು, ಲೈಟಿನ ಕಂಬಕ್ಕೆ, ನೀರಿನ ಟ್ಯಾಂಕಿಗೆ ಜೋತುಬಿದ್ದು ನಿಮ್ಮ ದಾರಿಗೆ ಅಡ್ಡ ಬರುತ್ತೇವಲ್ಲ, ಅದೇ ಕುಲ. ನಮ್ಮನ್ನು ಬೈಯದವರಿಲ್ಲ. ನಮ್ಮ ಮೇಲೆ ತಮ್ಮದೊಂದು ಮುಖ ಕಾಣಲಿ ಎಂದು ಒಳಗೊಳಗೇ ಆಸೆಪಡದವರೂ ಇಲ್ಲ. ಹುಟ್ಟುಹಬ್ಬಕ್ಕೆ ನಾವು ಬೇಕು, ಎತ್ತು ಬಹುಮಾನ ಗೆದ್ದರೆ ನಾವು ಬೇಕು, ಅಜ್ಜ ತೀರಿಕೊಂಡರೂ ನಾವೇ ಬೇಕು. ಕಾರ್ಯಕ್ರಮ ಮುಗಿದ ಮರುದಿನ ಮಾತ್ರ ನಾವು ಬರೀ ಪ್ಲಾಸ್ಟಿಕ್ಕು.

ನಾನು ಹುಟ್ಟಿದ್ದು ತಾಲೂಕು ಪೇಟೆಯ ಇರ್ಫಾನನ ಅಂಗಡಿಯಲ್ಲಿ, ಗರಗರ ಎನ್ನುವ ಒಂದು ಮಷೀನಿನ ಹೊಟ್ಟೆಯಿಂದ. ನನಗಿಂತ ಮುಂಚೆ ಹೊರಬಂದದ್ದು ಯಾರೋ ಯುವ ಮುಖಂಡನ ಜನ್ಮದಿನ, ನನ್ನ ಹಿಂದೆ ಬಂದದ್ದು ಒಬ್ಬ ಮಾಸ್ತರರ ಶ್ರದ್ಧಾಂಜಲಿ. ಮೈಮೇಲಿನ ಬಣ್ಣ ಇನ್ನೂ ಹಸಿಯಾಗಿರುವಾಗಲೇ ನನ್ನನ್ನು ನೋಡಲು ಇಬ್ಬರು ಬಂದಿದ್ದರು.

ಒಬ್ಬರು ಪರ್ವೀನಕ್ಕ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಿದವರು. ಟೋಲ್ ನಾಕಾದಲ್ಲಿ ಚಪ್ಪಾಳೆ ತಟ್ಟಿ ವಯಸ್ಸು ಕಳೆದು, ಈಗ ಒಂದು ಬಾಡಿಗೆ ಕೋಣೆಯಲ್ಲಿ ಸಣ್ಣ ಸಂಘ ನಡೆಸುತ್ತಿದ್ದರು. ಸುತ್ತಲಿನ ಹಳ್ಳಿಗಳಿಂದ ತಮ್ಮಂಥವರನ್ನೂ, ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕಬೇಕೆನ್ನುವವರನ್ನೂ, ಗಂಡನ್ನೇ ಪ್ರೀತಿಸುವ ಗಂಡಸರನ್ನೂ ಕರೆದು ಕೂರಿಸಿ ಮಾತು ಕಲಿಸುತ್ತಿದ್ದರು. ಮೈಕು ಹಿಡಿಯುವುದು ಹೇಗೆ, ಗ್ರಾಮಸಭೆಯಲ್ಲಿ ಕಾಲು ನಡುಗದೆ ನಿಲ್ಲುವುದು ಹೇಗೆ, ಸಾಹೇಬರ ಎದುರು ಕೇಳಬೇಕಾದ್ದನ್ನು ನುಂಗದೆ ಕೇಳುವುದು ಹೇಗೆ. ದೊಡ್ಡ ಊರಿನ ಯಾವುದೋ ಸಂಸ್ಥೆ ಇದಕ್ಕೆ ‘ನಾಯಕತ್ವ ತರಬೇತಿ’ ಎಂದು ಹೆಸರಿಟ್ಟು ವರ್ಷದ ಮಟ್ಟಿಗೆ ಖರ್ಚು ವಹಿಸಿಕೊಂಡಿತ್ತು.

ಇನ್ನೊಬ್ಬನು ದ್ಯಾಮಣ್ಣ, ಹಾಲಗುಂಡಿ ಎಂಬ ಹಳ್ಳಿಯವನು. ಮನೆಯವರು ಇಟ್ಟ ಹೆಸರು ದ್ಯಾಮವ್ವ. ದ್ಯಾಮಣ್ಣ ಎಂಬುದು ತನಗೆ ತಾನೇ ಇಟ್ಟುಕೊಂಡದ್ದು, ಸಂಘದ ಕೋಣೆಯ ಹೊರಗೆ ಯಾರೂ ಕರೆಯದ ಹೆಸರು. ಹೊಲದ ಕೆಲಸಕ್ಕೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡಸರ ಅಂಗಿ ತೊಡುತ್ತಾರಲ್ಲ, ಆ ನೆಪದಲ್ಲಿ ಅಂಗಿಯ ಆಸೆಯೊಂದು ತೀರುತ್ತಿತ್ತು. ಅಣ್ಣ ಯಮನೂರ ಗಂಡು ಹುಡುಕಲು ಶುರುಮಾಡಿದ್ದ.

ನನ್ನ ಮೇಲೆ ಸಂಘದ ಐದು ಜನರ ಫೋಟೋ ಬರಬೇಕಿತ್ತು. ಮೂವರು ಬೆನ್ನು ತಿರುಗಿಸಿ ತೆಗೆಸಿಕೊಂಡ ಫೋಟೋ ಕೊಟ್ಟಿದ್ದರು. ಇರ್ಫಾನ ತಲೆ ಕೆರೆದುಕೊಂಡ.

“ಅಕ್ಕಾರ, ಮುಂದಾಳು ಅಂತ ಬರಸ್ತೀರಿ, ಬೆನ್ನ ತೋರಸ್ತೀರಲ್ರಿ!”

“ಮಾರಿ ತೋರಿಸಿದ್ರ ಮನಿ ಬಿಡಬೇಕಪಾ ಅವ್ರು,” ಎಂದರು ಪರ್ವೀನಕ್ಕ.

ಪರ್ವೀನಕ್ಕನನ್ನು ಬಿಟ್ಟರೆ ದ್ಯಾಮಣ್ಣ ಮಾತ್ರ ಮುಖವನ್ನೇ ಕೊಟ್ಟ. ಜಡೆಯನ್ನು ಟವೆಲ್ಲಿನೊಳಗೆ ಸುತ್ತಿ, ಬಿಳಿ ಅಂಗಿ ಹಾಕಿಕೊಂಡು ನೇರ ನೋಡುತ್ತಿದ್ದ ಫೋಟೋ. ಕೆಳಗೆ ಊರಿನ ಹೆಸರೂ ಬೇಕೆಂದ. ಪರ್ವೀನಕ್ಕ ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ.

“ಊರ ಹೆಸರ ಇಲ್ಲಂದ್ರ ನಾ ಯಾವ ಊರಿಗೆ ಮುಂದಾಳು ಅಕ್ಕಾ?”

ಆಮೇಲೆ ಇರ್ಫಾನನ ಕಿವಿಯ ಹತ್ತಿರ ಬಗ್ಗಿ ಏನೋ ಕೇಳಿದ. ಇರ್ಫಾನ ನಗಲಿಲ್ಲ, ದೇವರು ಅವನನ್ನು ಚೆನ್ನಾಗಿಟ್ಟಿರಲಿ. ಮೌಸು ಹಿಡಿದು ತುಟಿಯ ಮೇಲೆ ತೆಳ್ಳಗೆ ಒಂದು ಮೀಸೆ ಎಳೆದ. ನಾನು ಮಷೀನಿನಿಂದ ಇಳಿದಾಗ ದ್ಯಾಮಣ್ಣ ಎಷ್ಟೋ ಹೊತ್ತು ನನ್ನೆದುರು ನಿಂತಿದ್ದ. ತನ್ನನ್ನು ತಾನು ಮೊದಲ ಸಲ ನೋಡುವವರ ಕಣ್ಣು ಹೇಗಿರುತ್ತದೆಂದು ಅವತ್ತು ತಿಳಿದೆ. ಅಬ್ಬಾ, ಏನು ಹೆಮ್ಮೆ ನನಗೆ! ಜನ್ಮದಿನದ ಫ್ಲೆಕ್ಸುಗಳೆಲ್ಲ ನನ್ನ ಮುಂದೆ ಏನು ಮಹಾ ಎನಿಸಿತು.

ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ‘ನಮ್ಮ ಮಾತು ನಾವೇ ಹೇಳುತ್ತೇವೆ’ ಎಂದಿತ್ತು. ತರಬೇತಿಯ ಸಭೆಗೆಂದು ಕದ ಹಾಕಿದ ಸಭಾಂಗಣದಲ್ಲಿ ಒಂದೇ ದಿನ ನನ್ನನ್ನು ಕಟ್ಟಿದರು. ಸಂಸ್ಥೆಯವರು ಬಂದು ಚಪ್ಪಾಳೆ ತಟ್ಟಿ, ಫೋಟೋ ತೆಗೆದುಕೊಂಡು ಹೋದರು. ಎಲ್ಲರೂ ಹೋದ ಮೇಲೆ ಪರ್ವೀನಕ್ಕ ತಮ್ಮವರನ್ನಷ್ಟೇ ಕೂರಿಸಿಕೊಂಡು ಹೇಳಿದರು: “ನಿಮ್ಮ ಸುದ್ದಿ ನೀವ ಮೊದಲ ಹೇಳ್ರಿ. ಮಂದಿ ಹೇಳಿದ್ರ ಅದು ಆಡಿಕೊಳ್ಳೂದು ಆಕ್ಕೈತಿ. ನೀವು ಹೇಳಿದ್ರ ಕೇಳಬೇಕಾಕ್ಕೈತಿ.”

“ಗ್ರಾಮಸಭಾದಾಗ ನಿಂತು ಹೇಳ್ತೀನಿ. ಅಣ್ಣ ಗಂಡ ಗೊತ್ತ ಮಾಡೂದ್ರಾಗ ಹೇಳ್ತೀನಿ,” ಎಂದ ದ್ಯಾಮಣ್ಣ. ನನ್ನ ಕಡೆ ನೋಡಿ, “ಅಲ್ಲೀ ಮಟ ಇದು ಹೊರಗ ಹೋಗಬಾರದು ಅಕ್ಕಾ.”

“ಕಪಾಟಿನ್ಯಾಗ ಇಡ್ತೀನಿ. ಕೀಲಿ ನನ್ನ ಸೊಂಟದಾಗ.”

ಪರ್ವೀನಕ್ಕ ಮಾತಿಗೆ ತಪ್ಪುವವರಲ್ಲ. ನನ್ನನ್ನು ಮಡಚಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಆದರೆ ವರ್ಷ ಮುಗಿಯುತ್ತಲೇ ಸಂಸ್ಥೆಯವರು ನಾಯಕರು ತಯಾರಾದರೆಂದು ಬರೆದುಕೊಂಡು ಕೈಬಿಟ್ಟರು. ಪರ್ವೀನಕ್ಕ ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತು ಹುಬ್ಬಳ್ಳಿಯ ಆಸ್ಪತ್ರೆ ಸೇರಿದರು. ಬಾಡಿಗೆ ನಿಂತ ಕೋಣೆಯನ್ನು ಮಾಲೀಕ ಖಾಲಿ ಮಾಡಿಸಿದ. ಕಪಾಟನ್ನು ಒಡೆದು, ಅದರ ಜೊತೆ ನನ್ನನ್ನೂ ಗುಜರಿಯವನ ಟೆಂಪೋಗೆ ಎಸೆದರು.

ಫ್ಲೆಕ್ಸನ್ನು ಗುಜರಿಯವನು ಎಂದೂ ಬಿಸಾಡುವುದಿಲ್ಲ. ಹಳ್ಳಿಗಳಲ್ಲಿ ನಮಗೆ ಗಿರಾಕಿ ಸಿಗುತ್ತಾರೆ. ಸೋರುವ ಮಾಡಿಗೆ, ಬಣವೆಗೆ, ಹಿತ್ತಲಿನ ಬಚ್ಚಲಿಗೆ ನಾವೇ ಗತಿ. ಟೆಂಪೋ ಊರೂರು ಅಲೆದು ಹಾಲಗುಂಡಿಗೂ ಬಂತು. ನನಗೆ ಆ ಊರಿನ ಹೆಸರು ಗೊತ್ತಿತ್ತು, ನನ್ನ ಮೈಮೇಲೇ ಬರೆದಿತ್ತಲ್ಲ. ಸಿದ್ರಾಮಪ್ಪ ಎಂಬ ರೈತ ಹೊಲದ ಉಳ್ಳಾಗಡ್ಡಿ ರಾಶಿಗೆ, ಈರುಳ್ಳಿ ನೆನೆಯದಿರಲೆಂದು, ಹೊದಿಸಲು ನನ್ನನ್ನು ಕೊಂಡ. ಪುಣ್ಯಕ್ಕೆ ಚಿತ್ರದ ಮಗ್ಗುಲನ್ನು ಕೆಳಗೆ ಮಾಡಿ ಹಾಸಿ, ಅಂಚಿಗೆ ಕಲ್ಲು ಹೇರಿದ.

ಹೀಗೆ ದ್ಯಾಮಣ್ಣನ ಮುಖವನ್ನು ಉಳ್ಳಾಗಡ್ಡಿಗೆ ಒತ್ತಿಕೊಂಡು ದ್ಯಾಮಣ್ಣನ ಊರಿನಲ್ಲೇ ಬಿದ್ದುಕೊಂಡೆ. ಅವನು ದಿನಾ ಆ ಹೊಲದ ಬದುವಿಗೆ ಆಡು ಮೇಯಿಸಲು ಬರುತ್ತಿದ್ದ. ಕೆಲವೊಮ್ಮೆ ನನಗೇ ಒರಗಿ ಕೂರುತ್ತಿದ್ದ. ಸುತ್ತ ಯಾರೂ ಇಲ್ಲದಿದ್ದರೆ ಎದ್ದು ನಿಂತು, ಪರ್ವೀನಕ್ಕ ಕಲಿಸಿದಂತೆ ಎರಡೂ ಪಾದ ಊರಿ, ಆಡುಗಳಿಗೆ ಭಾಷಣ ಮಾಡುತ್ತಿದ್ದ.

“ನಮಸ್ಕಾರ ಹಿರ್ಯಾರ. ನಾನು ಗುರವ್ವನ ಮಗ. ನನ್ನ ಹೆಸರು ದ್ಯಾಮಣ್ಣ. ಇದನ್ನ ನಾನ ಹೇಳಾಕತ್ತೀನಿ, ಮಂದಿ ಬಾಯಿಂದ ಕೇಳಬ್ಯಾಡ್ರಿ. ಈ ಊರಾಗ ಹುಟ್ಟೀನಿ, ಈ ಊರಾಗ ದುಡೀತೀನಿ. ನನ್ನ ಯಾರಿಗೂ ಕೊಡಬ್ಯಾಡ್ರಿ. ಇಲ್ಲೇ ಇರಾಕ ಬಿಡ್ರಿ.”

ಆಡೊಂದು ಮ್ಯಾ ಎಂದರೆ, “ಏ, ಪ್ರಶ್ನೆ ಆಮ್ಯಾಲ, ಮೊದಲ ಕೇಳು!” ಎಂದು ಗದರಿ ತಾನೇ ನಗುತ್ತಿದ್ದ. ದಿನದಿಂದ ದಿನಕ್ಕೆ ದನಿಯ ನಡುಕ ಹೋಯಿತು. ನಾನಂತೂ ಅಷ್ಟನ್ನೂ ಬಾಯಿಪಾಠ ಮಾಡಿಕೊಂಡೆ. ಗಾಳಿ ಎದ್ದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಕಲ್ಲು ಸರಿದೀತು, ಮಗುಚಿ ಬಿದ್ದೇನು ಎಂಬ ಭಯ. ಆದರೆ ನನ್ನನ್ನು ಮಗುಚಿದ್ದು ಗಾಳಿಯಲ್ಲ.

ಗ್ರಾಮಸಭೆ ಶಾಲೆಯ ಬಯಲಿನಲ್ಲಿ ಇತ್ತು. ಬಿಸಿಲು ಚುರುಗುಟ್ಟುತ್ತಿತ್ತು. ಶಾಮಿಯಾನಾ ಯಾರು ತರಿಸುತ್ತಾರೆ? ಪಂಚಾಯಿತಿಯ ಜವಾನ ಕಳಕಪ್ಪ ಸಿದ್ರಾಮಪ್ಪನನ್ನು ಕೇಳಿ ನನ್ನನ್ನು ಎಳೆದುಕೊಂಡು ಹೋಗಿ, ಬೇವಿನ ಮರಕ್ಕೂ ಧ್ವಜದ ಕಂಬಕ್ಕೂ ಶಾಲೆಯ ಕಿಟಕಿಗೂ ಬಿಗಿದು ನೆರಳು ಮಾಡಿದ. ಬಿಳಿ ಮಗ್ಗುಲು ಸೂರ್ಯನಿಗೆ, ಚಿತ್ರದ ಮಗ್ಗುಲು ಜನಕ್ಕೆ. ಅವನು ನನ್ನ ಮೇಲಿನ ಮುಖಗಳನ್ನು ನೋಡಲೂ ಇಲ್ಲ. ಫ್ಲೆಕ್ಸಿನ ಮೇಲೆ ಯಾರದೋ ಮುಖ ಇದ್ದೇ ಇರುತ್ತದೆ, ಅದನ್ನೇನು ನೋಡುವುದು!

ಜನ ಬಂದು ಕೂತರು. ಬೀದಿದೀಪದ ಜಗಳ, ನಲ್ಲಿಯ ಜಗಳ, ಎಲ್ಲ ನಡೆಯಿತು. ತಲೆಯ ಮೇಲಿನ ಮುಖ ತಮ್ಮೂರಿನದು ಎಂದು ಯಾರ ಮನಸ್ಸಿಗೂ ಹೊಳೆಯಲಿಲ್ಲ. ಹೀಗೇ ಮುಗಿದರೆ ಸಾಕು ಎಂದುಕೊಂಡೆ. ದ್ಯಾಮಣ್ಣ ತಡವಾಗಿ ಬಂದು ಹಿಂದುಗಡೆ ಕೂತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜಡೆ ಟವೆಲ್ಲಿನೊಳಗೆ. ಅವನು ಮೇಲೆ ನೋಡಲಿಲ್ಲ. ಬಾಯೊಳಗೇ ಮಾತು ಉರುಹಚ್ಚುತ್ತಿದ್ದ.

“ಮತ್ತ ಯಾರರ ಮಾತಾಡೋರ ಅದಾರೇನು?” ಎಂದರು ಪಂಚಾಯಿತಿಯ ಅಧಿಕಾರಿ.

ದ್ಯಾಮಣ್ಣ ಎದ್ದ. ಪಾದ ಊರಿದ. ಕಾಲು ನಡುಗಲಿಲ್ಲ.

“ನಮಸ್ಕಾರ ಹಿರ್ಯಾರ.”

ಕೂತವರೆಲ್ಲ ಹೊರಳಿ ನೋಡಿದರು. ಅಯ್ಯೋ, ಅವನು ನಿಂತದ್ದು ನನ್ನ ಮೇಲಿನ ಅವನದೇ ಚಿತ್ರದ ಕೆಳಗೆ, ಅದೇ ಅಂಗಿ, ಅದೇ ಟವೆಲ್ಲು, ಅದೇ ನೇರ ನೋಟ. ಕನ್ನಡಕದ ಮುದುಕನೊಬ್ಬ ಅವನನ್ನು ನೋಡಿದ, ಕತ್ತೆತ್ತಿ ನನ್ನನ್ನು ನೋಡಿದ. ಮತ್ತೆ ಅವನನ್ನು ನೋಡಿ ಗಟ್ಟಿಯಾಗಿ ಓದಿದ: “ಶ್ರೀ ದ್ಯಾಮಣ್ಣ, ಹಾಲಗುಂಡಿ. ಏ ಇಕೀನ, ಇದು ಗುರವ್ವನ ಮಗಳ ಮಾರಿ ಅಲ್ಲೇನ್ರೋ?”

“ಮೀಸಿ ಬ್ಯಾರೆ ಬಿಟ್ಟಾಳಲೇ!”

ಬಯಲಿಗೆ ಬಯಲೇ ನಕ್ಕಿತು. ದ್ಯಾಮಣ್ಣ ಇನ್ನೂ ಎದುರಿನವರ ಕಣ್ಣು ಹುಡುಕುತ್ತಿದ್ದ, ಕಣ್ಣು ನೋಡಿ ಮಾತಾಡಬೇಕೆಂದು ಕಲಿಸಿದ್ದರಲ್ಲ. ಎಲ್ಲರ ಕಣ್ಣೂ ಮೇಲಿದ್ದವು. ಕೊನೆಗೆ ಅವನೂ ಕತ್ತೆತ್ತಿದ. ಇರ್ಫಾನನ ಅಂಗಡಿಯಲ್ಲಿ ನನ್ನನ್ನು ಹಾಗೆ ನೋಡಿದ್ದ ಕಣ್ಣುಗಳೇ ಅವು. ಈಗ ನನ್ನನ್ನು ಹೇಗೆ ನೋಡಿದವೆಂದು ಹೇಳುವ ಶಕ್ತಿ ನನಗಿಲ್ಲ.

ಆದರೂ ಅವನು ಬಾಯಿ ತೆರೆದ. “ನಾನು...” ಎಂದ.

“ಕುಂದ್ರಬೇ, ಎಲ್ಲಾ ಮ್ಯಾಲ ಬರದೈತಿ, ನೀ ಏನ ಹೇಳ್ತಿ!” ಎಂದಿತು ಒಂದು ದನಿ. ಮತ್ತೆ ನಗು.

ಚಹಾದಂಗಡಿಯಿಂದ ಓಡಿ ಬಂದ ಯಮನೂರ ರಟ್ಟೆ ಹಿಡಿದು ಎಳೆದ. ಟವೆಲ್ಲು ಬಿಚ್ಚಿ ಜಡೆ ಬೆನ್ನಿಗೆ ಬಿತ್ತು. ಅಧಿಕಾರಿ ಮೇಜು ಬಡಿದು, “ಮನೀ ವಿಷಯ ಮನ್ಯಾಗ ಮುಗಿಸ್ಕೋರಿ. ಮುಂದ ಗಟಾರದ ವಿಷಯಕ್ಕ ಬರೂಣು,” ಎಂದರು. ಸಭೆ ಗಟಾರದ ವಿಷಯಕ್ಕೆ ಬಂತು.

ಆಮೇಲಿನದನ್ನು ನಾನು ಕಂಡದ್ದಲ್ಲ, ಕೇಳಿದ್ದು. ಕದ ಹಾಕಿ ಹೊಡೆದರಂತೆ. ಮೊಬೈಲು ಕಸಿದರಂತೆ. ಸಿಕ್ಕ ಮೊದಲ ಗಂಡಿನಿಂದ, ಎರಡನೆಯ ಸಂಬಂಧ ಹುಡುಕುತ್ತಿದ್ದ ಒಬ್ಬನಿಂದ, ತಾಳಿ ಕಟ್ಟಿಸಿ ಸೀರೆ ಉಡಿಸಿ ಜೀಪು ಹತ್ತಿಸಿದರಂತೆ. ತಿಂಗಳೊಳಗೆ ಆ ಮನೆಯಿಂದಲೂ ಅವನು ಕಾಣೆಯಾದ. ಬಾವಿಗಳನ್ನು ನೋಡಿದರು, ಸ್ಟೇಷನ್ನುಗಳನ್ನು ನೋಡಿದರು. ಯಮನೂರ ಹುಡುಕುವುದನ್ನು ಬೇಗ ನಿಲ್ಲಿಸಿದ.

ಸಿದ್ರಾಮಪ್ಪನಿಗೆ ನಾನೊಂದು ಪೇಚಾದೆ. ಆ ಮುಖವನ್ನು ಹೊಲದಲ್ಲಿಟ್ಟುಕೊಳ್ಳಲು ಮನಸ್ಸಿಲ್ಲ, ಇಡೀ ಫ್ಲೆಕ್ಸು ಎಸೆಯಲೂ ಮನಸ್ಸಿಲ್ಲ. ಆ ಮುಖವನ್ನಷ್ಟೇ ಕತ್ತರಿಸಲು ಕುಡುಗೋಲು ತೆಗೆದ. ಅಷ್ಟರಲ್ಲಿ ದ್ಯಾಮಣ್ಣನ ತಾಯಿ ಗುರವ್ವ ಬಂದು, “ಆ ತುಂಡು ನನಗ ಕೊಡಪಾ, ಆಡಿನ ದೊಡ್ಡಿ ಸೋರತೈತಿ,” ಎಂದಳು. ಅಕ್ಷರಗಳೆಲ್ಲ ಉಳ್ಳಾಗಡ್ಡಿಯ ಮೇಲೆ ಉಳಿದವು. ನನ್ನ ಜೀವ ಮುಖವಿದ್ದ ತುಂಡಿನ ಜೊತೆ ಬಂತು.

ಒಂದು ದಿನ ಪರ್ವೀನಕ್ಕ ಕೋಲೂರಿಕೊಂಡು ಬಂದರು. ಯಮನೂರ ಹೊಸ್ತಿಲ ಹತ್ತಿರವೂ ಬಿಡಲಿಲ್ಲ. ದೊಡ್ಡಿಯ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತು, ಸೊಂಟದಿಂದ ಕಪಾಟಿನ ಕೀಲಿ ತೆಗೆದು ಅಂಗೈಯಲ್ಲಿಟ್ಟುಕೊಂಡು ಅತ್ತರು. “ಇಲ್ಲೇ ಐತಲ್ಲೋ ಯಪ್ಪಾ, ನನ್ನ ಹತ್ರನ ಐತಲ್ಲೋ ಕೀಲಿ.” ಆಮೇಲೆ ಅವರು ಯಾರಿಗೂ ಮಾತು ಕಲಿಸಲಿಲ್ಲ ಎಂದು ಕೇಳಿದೆ. ಬೆನ್ನು ತೋರಿಸಿದ ಆ ಮೂವರೂ ಎಲ್ಲಿದ್ದಾರೋ ಅಲ್ಲೇ ಬಾಯಿ ಮುಚ್ಚಿಕೊಂಡಿದ್ದಾರೆ. ಅವರನ್ನು ಹೇಗೆ ತಪ್ಪೆನ್ನಲಿ?

ಈಗ ನಾನು ಮುದಿಯಾಗಿದ್ದೇನೆ. ಬಿಸಿಲಿಗೆ ಮೈ ಬಿರಿದಿದೆ. ಆಡುಗಳ ಉಸಿರು ತಾಗಿ ಬಣ್ಣ ಮಾಸುತ್ತಿದೆ. ಮೊದಲು ಹೋದದ್ದು ಮೀಸೆ, ತೆಳ್ಳಗೆ ಎಳೆದದ್ದಲ್ಲವೇ. ಮುಖ ಒಳಗಡೆ ಮಾಡಿ ನನ್ನನ್ನು ಹೊದಿಸಿದವಳು ಗುರವ್ವನೇ, ಹೊರಗಿನವರಿಗೆ ಕಾಣಬಾರದೆಂದು.

ಅವಳಿಗೆ ಓದು ಬಾರದು. ಆವತ್ತು ಅವಳು ಸಭೆಗೂ ಬಂದಿರಲಿಲ್ಲ, ಕೂಲಿಗೆ ಹೋಗಿದ್ದಳು. ಸಂಜೆ ಆಡು ಕಟ್ಟಿ, ಗೂಟಕ್ಕೆ ಹಗ್ಗ ಬಿಗಿದು, ಸೆರಗಿನಿಂದ ನನ್ನ ಮೇಲಿನ ಜೇಡರ ಬಲೆ ಒರೆಸಿ ದಿನಾ ಒಂದೇ ಮಾತು ಕೇಳುತ್ತಾಳೆ.

“ಅಂದು ನಿಂತು ಏನ ಹೇಳಾಕ ಹೋಗಿದ್ದಿ? ನನಗರ ಹೇಳ.”

ಅವನ ಮಾತು ಪೂರ್ತಿ ಗೊತ್ತಿರುವುದು ನನಗೆ ಮತ್ತು ಈ ಆಡುಗಳಿಗೆ. ನಮಸ್ಕಾರದ ಮರುಕ್ಷಣವೇ ಅವಳ ಹೆಸರಿತ್ತು: ನಾನು ಗುರವ್ವನ ಮಗ. ಹೇಳಬಾರದ ಹೊತ್ತಿನಲ್ಲಿ ಎಲ್ಲವನ್ನೂ ಊರಿಗೆ ಹೇಳಿದವನು ನಾನು. ಈಗ ಇದೊಂದನ್ನು ಅವಳಿಗೆ ಹೇಳಲು ನನಗೆ ಬಾಯಿಲ್ಲ. ಅವಳು ಸ್ವಲ್ಪ ಹೊತ್ತು ಕಾಯುತ್ತಾಳೆ, ಆಮೇಲೆ ತಟ್ಟಿಯ ಬಾಗಿಲು ಎಳೆದುಕೊಂಡು ಹೋಗುತ್ತಾಳೆ.