ಮೇಷ್ಟ್ರ ಕೈಬರಹ

ಗೋಡೆಗೆ ಒರಗಿಸಿ ಕೂರಿಸಿದ್ದ ಮುರುಗೇಶ್ ಮೇಷ್ಟ್ರ ತೊಡೆಯ ಮೇಲೆ ಅವರ ಅಣ್ಣ ಶಾಂತವೀರಪ್ಪ ಉತ್ತರಪತ್ರಿಕೆಗಳ ಕಟ್ಟನ್ನು ಇಟ್ಟರು. ಹಣೆಗೆ ವಿಭೂತಿ, ಕೊರಳಿಗೆ ಹಾರ, ತೊಡೆಗೆ ಟ್ಯೂಶನ್ ಮಕ್ಕಳ ಇಂಗ್ಲಿಷು.

"ಅರ್ಧ ತಿದ್ದಿ ಹೋಗವ್ನೆ. ಜೊತೇಲೇ ಮಣ್ಣಿಗೆ ಹೋಗ್ಲಿ."

ಹೆಂಡತಿ ಮಂಗಳಗೌರಿ ಆ ಕಟ್ಟನ್ನೇ ನೋಡಿದಳು. ಅದನ್ನು ತಿದ್ದಿದ್ದು ಅವಳು.

"ಮೇಷ್ಟ್ರ ಅಕ್ಷರ ಮುತ್ತು ಪೋಣಿಸಿದಂಗೆ," ಅಂದಳು ಕುರಿಹಟ್ಟಿಯ ಜಯಕ್ಕ. ಅವಳ ಮಗಳು ಸ್ವಪ್ನ ಹತ್ತನೇ ಕ್ಲಾಸಿನ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. "ಇನ್ಮೇಲೆ ನನ್ ಮಗ್ಳಿಗೆ ಯಾರು ಹೇಳ್ಕೊಡ್ತಾರ್ರಿ?"

"ಟ್ಯೂಶನ್ ಇವತ್ತಿಗೆ ಮುಗೀತು," ಅಂದರು ಶಾಂತವೀರಪ್ಪ. "ಮಂಗಳಾ ಚಳ್ಳಕೆರೆಗೆ ಬಂದು ನಮ್ಮ ಅಡಿಗೆಮನೆ ನೋಡ್ಕೊಂತಾಳೆ. ಅವಳಿಗೆ ಇನ್ನೇನು ಬರ್ತೈತೆ?"

ಬಾಯಿ ಬಿಟ್ಟರೆ ಗಂಡನ ಮಾನ ಅವರ ಹೆಣದ ಎದುರಿಗೇ ಹೋಗುತ್ತದೆ. ಬಿಡದಿದ್ದರೆ ತನ್ನ ಬಾಳು ಭಾವನ ಮನೆಯ ಒಲೆ ಮುಂದೆ. ಅತ್ತ ದರಿ, ಇತ್ತ ಪುಲಿ. ಮಂಗಳಗೌರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದುಃಖವೆಂದು ಎಲ್ಲರೂ ಲೊಚಗುಟ್ಟಿದರು.

*

ತೊಂಬತ್ತೇಳನೇ ಇಸವಿಯಲ್ಲಿ ಮೇಷ್ಟ್ರ ಕಣ್ಣು ಮಂಜಾಯಿತು. ಪಾಠವೇನೋ ಬಾಯಲ್ಲೇ ಇತ್ತು, ತಿದ್ದುವುದು ಹೇಗೆ? "ಯಾರಿಗೂ ಹೇಳಬ್ಯಾಡ. ಕುರುಡನ ಹತ್ರ ಯಾರು ಮಕ್ಕಳನ್ನ ಕಳಿಸ್ತಾರೆ?" ಎಂದು ಆಣೆ ಹಾಕಿಸಿಕೊಂಡರು. ಹತ್ತನೇ ಕ್ಲಾಸು ದಾಟದವಳು ಕೆಂಪು ಪೆನ್ನು ಹಿಡಿದಳು.

"ಎಂಜಾಯ್ ಆದ್ಮೇಲೆ ಇಂಗ್, ವಾಂಟ್ ಆದ್ಮೇಲೆ ಟು. ಯಾಕ್ರಿ ಹಂಗೆ?"

"ಯಾಕೆ ಅಂತಿಲ್ಲ ಕಣೆ. ಒಂದೊಂದು ಕ್ರಿಯಾಪದಕ್ಕೆ ಒಂದೊಂದು ಜೋಡಿ. ಜೊತೇಲಿ ಬಾಳಿದ್ರೆ ಗೊತ್ತಾಗ್ತೈತೆ."

ಆ ಜೋಡಿಗಳ ಜೊತೆ ಎರಡು ವರ್ಷ ಬಾಳಿದಳು. ಮೂರನೇ ವರ್ಷ ಒಂದು ದಿನ ಅವರೇ ತಡವರಿಸಿ, "ಸಜೆಸ್ಟ್‌ಗೆ ಯಾವ್ದು ಕಣೆ, ಇಂಗೋ ಟುವೋ?" ಎಂದು ಕೇಳಿದರು. ಅವತ್ತಿನಷ್ಟು ಖುಷಿ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

*

ಗುಣಿಯಲ್ಲಿ ಮೇಷ್ಟ್ರನ್ನು ಕೂರಿಸಿ, ಬಿಲ್ವಪತ್ರೆ ಹಾಕಿ, ಕಟ್ಟನ್ನು ಮತ್ತೆ ತೊಡೆಗಿಟ್ಟರು. ಮೇಲಿನ ಹಾಳೆ ಸ್ವಪ್ನಳದು. ನಿನ್ನೆ ಅದರ ಎಂಟನೇ ಉತ್ತರ ಓದಿ ಗೀಟು ಹಾಕುವಷ್ಟರಲ್ಲಿ, ಒಳಗೆ ಗಂಡ ಉಸಿರಿಗೆ ಒದ್ದಾಡುವುದು ಕೇಳಿ ಮಂಗಳಗೌರಿ ಎದ್ದು ಓಡಿದ್ದಳು.

ಒಬ್ಬೊಬ್ಬರೇ ಮಣ್ಣು ಹಾಕಿದರು. ಶಾಂತವೀರಪ್ಪ ಆಚೆ ನಿಂತು ಜೀಪಿನವನಿಗೆ ಚಳ್ಳಕೆರೆಗೆ ಎಷ್ಟೊತ್ತಿಗೆ ಹೊರಡಬೇಕೆಂದು ಹೇಳುತ್ತಿದ್ದರು. ಸ್ವಪ್ನ ಹಿಡಿ ಮಣ್ಣು ಹಿಡಿದು, ಅಳುತ್ತಾ ಅಂಚಿಗೆ ಬಂದಳು. ಮಂಗಳಗೌರಿ ಅವಳ ಕಿವಿಯ ಹತ್ತಿರ ಬಗ್ಗಿದಳು.

"ಎಂಟನೇದು ತಪ್ಪಾಗೈತೆ ಕಣೆ. ಅವಾಯ್ಡ್ ಆದ್ಮೇಲೆ ಟು ಬರಲ್ಲ."

ಹುಡುಗಿಯ ಅಳು ನಿಂತಿತು. ಅವಳು ತಿರುಗಿ ಮಂಗಳಗೌರಿಯ ಮುಖವನ್ನೇ ನೋಡಿದಳು. ಹಿಡಿಯಲ್ಲಿದ್ದ ಮಣ್ಣು ಗುಣಿಗೆ ಬೀಳದೆ, ಬೆರಳ ಸಂದಿಯಿಂದ ಅವಳದೇ ಪಾದದ ಮೇಲೆ ಸುರಿಯುತ್ತಿತ್ತು.