ಕಾಡವರೆ ಹೆಚ್ಚಿದೆ

ಬೀಜ ಬ್ಯಾಂಕಿನಲ್ಲಿ ಅವಳನ್ನು ಎಲ್ಲರೂ ಮೊಳಕೆ ಮೇಡಂ ಎಂದೇ ಕರೆಯುತ್ತಿದ್ದರು. ತಣ್ಣನೆಯ ಕೋಣೆಯಲ್ಲಿ ವರ್ಷಗಟ್ಟಲೆ ಮಲಗಿರುವ ಬೀಜಗಳಲ್ಲಿ ಜೀವ ಉಳಿದಿದೆಯೋ ಇಲ್ಲವೋ ಎಂದು ನೋಡುವುದು ಅವಳ ಕೆಲಸ. ಒದ್ದೆ ಕಾಗದದ ಮೇಲೆ ಕಾಳನ್ನು ಸಾಲಾಗಿ ಇಡಬೇಕು, ಸುರುಳಿ ಸುತ್ತಬೇಕು, ಕಾಯಬೇಕು. ಮೊಳಕೆ ಬಂದ ದಿನ ಮೇಡಂ ಎಲ್ಲರಿಗೂ ಟೀ ಕೊಡಿಸುತ್ತಿದ್ದಳು. ಬಾರದ ದಿನ ಅವಳ ಮೇಜಿನ ಕಡೆ ಯಾರೂ ಸುಳಿಯುತ್ತಿರಲಿಲ್ಲ.

ಇವತ್ತು ಸುಳಿಯಬಾರದ ದಿನ. ಬ್ಯಾಂಕಿನ ಹಿಂದೆ ಗಿಡ ಬೆಳೆಸಲೆಂದು ಸುತ್ತ ಬಲೆ ಕಟ್ಟಿದ ಮನೆಯೊಂದಿದೆ. ಅದರೊಳಗೆ ಅವಳು ಕಾಡವರೆಯ ಬಳ್ಳಿ ಹಿಡಿದು ನಿಂತಿದ್ದಳು. ಬಳ್ಳಿ ಹುಲುಸಾಗಿ ಹಬ್ಬಿತ್ತು, ನೇರಳೆ ಹೂವು ಗೊಂಚಲುಗೊಂಚಲಾಗಿ ಅರಳಿತ್ತು, ಅರಳಿ ಉದುರಿತ್ತು. ಒಂದೇ ಒಂದು ಕಾಯಿ ಕಚ್ಚಿರಲಿಲ್ಲ. ಈಗ ಎಲೆಯೂ ಹಳದಿಯಾಗಿತ್ತು.

ಕಾಡವರೆ ನಮ್ಮ ಹೊಲದ ಅವರೆಯ ದಾಯಾದಿ. ಹೊಲದ ಅವರೆಗೆ ಬೇರು ಕೊಳೆಯುವ ರೋಗ ಬಂದರೆ ಹೊಲಕ್ಕೆ ಹೊಲವೇ ಮಲಗುತ್ತದೆ. ಈ ದಾಯಾದಿಯನ್ನು ಆ ರೋಗ ಮುಟ್ಟುವುದೇ ಇಲ್ಲ. ಎರಡಕ್ಕೂ ಸಂಬಂಧ ಬೆಳೆಸಿದರೆ ಹುಟ್ಟುವ ಮಕ್ಕಳು ಗಟ್ಟಿಯಾಗುತ್ತವೆ ಎಂಬುದು ಬ್ಯಾಂಕಿನ ಮುಖ್ಯಸ್ಥರ ಬಹುಕಾಲದ ಆಸೆ. ಪ್ರಾಯದಲ್ಲಿ ಅವರೇ ಗುಡ್ಡ ಹತ್ತಿ, ಮುಳ್ಳು ಪರಚಿಸಿಕೊಂಡು ತಂದ ಬೀಜ ಅದು. ಆ ಗುಡ್ಡ ಈಗಿಲ್ಲ, ಜಲ್ಲಿಯಾಗಿ ರಸ್ತೆಗೆ ಹೋಯಿತು. ಇನ್ನೊಂದು ಸಲ ತರುತ್ತೇನೆಂದರೆ ಹೋಗುವುದೆಲ್ಲಿಗೆ?

ಬ್ಯಾಂಕಿನಲ್ಲಿದ್ದ ಕಾಳಿಗೆ ಮುಪ್ಪು ಬಂದಿತ್ತು, ಬಿತ್ತಿ ಹೊಸದು ಮಾಡಿಕೊಳ್ಳದೆ ಗತಿಯಿರಲಿಲ್ಲ. ಅರ್ಧವನ್ನು ಇಲ್ಲಿ ಬಿತ್ತಿದ್ದಳು. ಇನ್ನರ್ಧವನ್ನು ಸ್ಟೀಲ್ ಡಬ್ಬಿಯಲ್ಲಿ ಮನೆಯ ಫ್ರಿಜ್ಜಿನಲ್ಲಿಟ್ಟಿದ್ದಳು. ತಣ್ಣನೆಯ ಕೋಣೆಯ ಯಂತ್ರ ಆಗಾಗ ಕೈಕೊಡುತ್ತಿದ್ದುದರಿಂದ ಮುಖ್ಯಸ್ಥರೇ ನಕ್ಕು, "ನಮ್ಮ ಕೋಣೆಗಿಂತ ನಿಮ್ಮ ಮನೆ ಫ್ರಿಜ್ಜೇ ವಾಸಿ, ತಗೊಂಡು ಹೋಗಿ" ಎಂದಿದ್ದರು. ಹಾಗಾಗಿ ಈಗ ಉಳಿದಿದ್ದು ಆ ಡಬ್ಬಿಯೊಂದೇ.

ಮನೆಗೆ ಫೋನ್ ಮಾಡಿದಳು.

"ಅತ್ತೆ, ಫ್ರಿಜ್ಜಲ್ಲಿ ಒಂದು ಸಣ್ಣ ಡಬ್ಬಿ ಇಟ್ಟಿದ್ನಲ್ಲ, ಮುಟ್ಟಬೇಡಿ ಅಂದಿದ್ದೆ ನೋಡಿ, ಅವರೆ ಕಾಳಿಂದು..."

"ಅದಾ?" ಅತ್ತೆಯ ದನಿ ಸ್ವಲ್ಪ ತಡವರಿಸಿತು. "ಅದು ಹೆಚ್ಚಿದೆ ಕಣಮ್ಮ. ಮನೆಗೆ ಬಾ, ಹೇಳ್ತೀನಿ."

ಮೊಳಕೆ ಮೇಡಂ ಹಿಡಿದಿದ್ದ ಬಳ್ಳಿಯನ್ನು ಕೈಬಿಟ್ಟಳು.

ಅತ್ತೆಯ ಬಾಯಲ್ಲಿ 'ಮುಗಿಯಿತು', 'ಖಾಲಿ' ಎಂಬ ಮಾತು ಬಂದದ್ದನ್ನು ಯಾರೂ ಕೇಳಿಲ್ಲ. ಬಳೆ ಒಡೆದರೆ ಬಳೆ ಹೆಚ್ಚಿತು, ಅಕ್ಕಿ ತೀರಿದರೆ ಅಕ್ಕಿ ಹೆಚ್ಚಿದೆ. ಮದುವೆಯಾದ ಹೊಸದರಲ್ಲಿ ಮೇಡಂಗೆ ಇದು ಗೊತ್ತಿರಲಿಲ್ಲ. "ಸಕ್ಕರೆ ಹೆಚ್ಚಿದೆ ಕಣಮ್ಮ" ಎಂದಾಗ, ಹಾಗಾದರೆ ಬೇಕಾದಷ್ಟಿದೆ ಎಂದುಕೊಂಡು ಈ ಮಹಾತಾಯಿ ಹಾಯಾಗಿ ಕೂತಿದ್ದಳು. ಅವತ್ತು ಬಂದ ನೆಂಟರೆಲ್ಲ ಕಷಾಯದಂಥ ಟೀ ಕುಡಿದು, ಚೆನ್ನಾಗಿದೆ ಎಂದು ಸುಳ್ಳು ಹೇಳಿ ಹೋದರು. ಆಮೇಲೆ ಪಾಠ ಕಲಿತಳು, ಮರೆಯದ ಹಾಗೆ ಕಲಿತಳು. ಹೆಚ್ಚಿದೆ ಎಂದರೆ ಇಲ್ಲ.

ಬೇಯಿಸಿಬಿಟ್ಟಿದ್ದಾರೆ! ಸಿಟ್ಟು ನೆತ್ತಿಗೇರಿತು, ಏರಿದಷ್ಟೇ ಬೇಗ ಇಳಿಯಿತು. ಯಾವ ಬಾಯಲ್ಲಿ ಬೈಯುವುದು? ಎಳೆ ಮಗುವನ್ನು ಬಿಟ್ಟು ಕೆಲಸಕ್ಕೆ ಬಂದಾಗ ಸೊಂಟದ ಮೇಲೆ ಹೊತ್ತು ಸಾಕಿದವರು ಅತ್ತೆ. "ನೀನು ಹೋಗು, ನಾನಿದ್ದೀನಿ" ಎಂಬ ಅವರ ಮಾತಿನ ಮೇಲೆಯೇ ಅವಳ ಇಡೀ ನೌಕರಿ ನಿಂತಿತ್ತು.

ಕಣ್ಣೊರೆಸಿಕೊಂಡು ಮುಖ್ಯಸ್ಥರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ವಾಸಿಯಿತ್ತು. ಬೈಯಲಿಲ್ಲ.

"ತಗೊಂಡು ಹೋಗಿ ಅಂದವನು ನಾನೇ ಅಲ್ವೇನಮ್ಮ," ಎಂದರು. "ನಡೀರಿ, ನಾನೂ ಬರ್ತೀನಿ. ಡಬ್ಬಿ ತಳದಲ್ಲಿ ಒಂದೆರಡು ಕಾಳು ಅಂಟಿಕೊಂಡಿರಬಹುದು."

ಬಾಗಿಲು ತೆರೆದ ಅತ್ತೆ, ಸೊಸೆಯ ಕೆಂಪು ಕಣ್ಣು ನೋಡಿ, ಹಿಂದೆ ನಿಂತ ಹಿರಿಯರನ್ನು ನೋಡಿ, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ಸೆರಗು ಹಿಂಡಿದರು.

"ಬೇಕಂತ ಮಾಡಿದ್ದಲ್ಲ ಕಣಮ್ಮ. ನೀನು ಡಬ್ಬಿ ತಂದಿಟ್ಟ ವಾರದಲ್ಲೇ ಫ್ರಿಜ್ ರಿಪೇರಿಯವನು ಬಂದು ಎಲ್ಲ ತೆಗೆದು ಹೊರಗಿಟ್ಟ. ಡಬ್ಬಿ ಸಿಂಕಿಗೆ ಬಿದ್ದು ಮುಚ್ಚಳ ಬಿಚ್ಚಿಕೊಳ್ತು. ನನ್ನ ಕಣ್ಣಿಗೆ ಬೀಳೋ ಹೊತ್ತಿಗೆ ಕಾಳೆಲ್ಲ ನೀರು ಕುಡಿದು ಉಬ್ಬಿದ್ವು. ಹೇಳೋಣ ಅಂದ್ರೆ ಆಗ ನಿನ್ನ ಮುಖ ನೋಡೋ ಹಾಗಿರಲಿಲ್ಲ."

"ಅದಕ್ಕೇ ಬೇಯಿಸಿಬಿಟ್ರಾ, ಅತ್ತೆ?"

"ಬೇಯಿಸೋದಾ? ಮುಟ್ಟಬೇಡಿ ಅಂದ ಕಾಳನ್ನ ಬೇಯಿಸ್ತಾರೇನೇ ಯಾರಾದ್ರೂ? ಬಾ ಮೇಲೆ!"

ಮಂಡಿ ಹಿಡಿದುಕೊಂಡು ಅತ್ತೆ ಮಹಡಿ ಮೆಟ್ಟಿಲು ಹತ್ತಿದರು, ಇವರಿಬ್ಬರೂ ಹಿಂಬಾಲಿಸಿದರು. ತಾರಸಿಯ ಬಾಗಿಲು ತಳ್ಳಿದರೆ, ಅತ್ತೆ ಮಣ್ಣು ತುಂಬಿ ಕಾಳು ಊರಿದ್ದ ಒಡೆದ ಬಕೆಟ್ಟುಗಳಿಂದ ಎದ್ದ ಕಾಡವರೆ ನೀರಿನ ಟ್ಯಾಂಕನ್ನು ಮುಚ್ಚಿ, ಬಟ್ಟೆ ಒಣಗಿಸುವ ತಂತಿಗಳ ಮೇಲೆ ಚಪ್ಪರ ಹಾಕಿತ್ತು. ಎಲ್ಲಿ ನೋಡಿದರೂ ಕಾಯಿ. ಹಸಿರು ಕಾಯಿ, ಕಂದು ಕಾಯಿ, ಒಣಗಿ ತಿರುಚಿ ಪಟ್ಟೆಂದು ಸಿಡಿದ ಕಾಯಿ.

"ಬಿಸಿಲೇರಿದ್ರೆ ಇದರ ಪಟಪಟ ಸದ್ದೇ ಸದ್ದು," ಅತ್ತೆ ದೂರಿದರು. "ದಿನಾ ಗುಡಿಸಿ ಭರಣಿಗೆ ತುಂಬ್ತೀನಿ. ಮೇಲಿಂದ ಈ ಕರೀ ದುಂಬಿಗಳ ಕಾಟ ಬೇರೆ. ಟವೆಲ್ ಬೀಸಿ ಓಡಿಸಿದ್ರೂ ಹೋಗಲ್ಲ, ಹೂವಿನ ಮೇಲೇ ಬಂದು ಕೂರ್ತವೆ."

ಹೆಬ್ಬೆರಳಿನಷ್ಟು ದಪ್ಪದ ದುಂಬಿಯೊಂದು ಹೂವಿನ ಮೇಲೆ ಭಾರ ಹಾಕಿ ಕೂತಿತು. ಹೂವಿನ ಎಸಳು ಬಾಗಿ ಬಾಯಿ ತೆರೆಯಿತು. ಮೊಳಕೆ ಮೇಡಂ ಹಣೆ ಚಚ್ಚಿಕೊಂಡಳು. ಬೇರೆ ಅವರೆಯ ಪರಾಗ ಬೆರಕೆಯಾಗದಿರಲೆಂದು ಕಟ್ಟಿದ ಬಲೆ, ಕಾಯಿ ಕಚ್ಚಿಸುವ ದುಂಬಿಯನ್ನೂ ಹೊರಗಿಟ್ಟಿತ್ತು.

"ಸುತ್ತಮುತ್ತ ಬೇರೆ ಅವರೆ ಏನಾದ್ರೂ ಹಾಕಿದ್ದೀರಾಮ್ಮ?" ಮುಖ್ಯಸ್ಥರು ಕೇಳಿದರು.

"ಇದೊಂದೇ ಇಡೀ ತಾರಸಿ ನುಂಗಿದೆ. ಈ ಬೀದಿಯಲ್ಲಿ ಇನ್ಯಾರೂ ಕಾಳು ಹಾಕೋರಿಲ್ಲ."

ಮುಖ್ಯಸ್ಥರು ಒಣಗಿದ ಕಾಯೊಂದನ್ನು ಬಿಡಿಸಿ, ಒಳಗಿದ್ದ ಚುಕ್ಕೆಯ ಕಾಳನ್ನು ಅಂಗೈಯಲ್ಲಿಟ್ಟುಕೊಂಡರು. ಗುಡ್ಡದಲ್ಲಿ ಕಂಡದ್ದೇ ಕಾಳು. ಅವರ ಕಣ್ಣು ತುಂಬಿತು, ಮುಚ್ಚಿಡಲು ಹೋಗಲಿಲ್ಲ. "ಹಿತ್ತಲ ಗಿಡ ಮದ್ದಲ್ಲ ಅಂತಾರೆ," ಎಂದು ಮೇಡಂ ಕಡೆ ತಿರುಗಿದರು. "ನಿಮಗೆ ತಾರಸಿ ಗಿಡ ಕಣ್ಣಿಗೇ ಬಿದ್ದಿಲ್ಲವಲ್ಲಮ್ಮ!"

ಕತ್ತಲಿರುವಾಗ ಮನೆ ಬಿಟ್ಟು ಕತ್ತಲಾದ ಮೇಲೆ ಬರುವವಳಿಗೆ ತಾರಸಿ ಎಲ್ಲಿಯದು? ಬಟ್ಟೆ ಒಣಗುತ್ತಿದ್ದವು, ಮಡಿಚಿ ಕಪಾಟು ಸೇರುತ್ತಿದ್ದವು. ಯಾರು ಒಣಗಿಸುತ್ತಾರೆಂದು ಅವಳು ಒಂದು ದಿನವೂ ಯೋಚಿಸಿರಲಿಲ್ಲ.

"ಅತ್ತೆ, ಫೋನಲ್ಲಿ ಹೆಚ್ಚಿದೆ ಅಂದ್ರಲ್ಲ... ಜೀವ ಹೋದ ಹಾಗಾಯ್ತು ನಂಗೆ."

"ಹೆಚ್ಚಿದ್ದನ್ನ ಹೆಚ್ಚಿದೆ ಅನ್ನದೆ ಇನ್ನೇನನ್ನಲಿ?" ಅತ್ತೆಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಮೊಳಕೆ ಮೇಡಂ ಮೇಲಿನ ಅಧಿಕಾರಿ ಎದುರಿಗಿದ್ದಾರೆನ್ನುವುದನ್ನೂ ಮರೆತು ಅತ್ತೆಯನ್ನು ಗಟ್ಟಿಯಾಗಿ ತಬ್ಬಿಕೊಂಡಳು. "ನಿಮ್ಮ ಋಣ ತೀರಿಸೋಕಾಗಲ್ಲ, ಅತ್ತೆ," ಎಂದಳು. ಬರೀ ಕಾಳಿನ ಋಣವಲ್ಲ ಅದು. ಇಷ್ಟು ವರ್ಷ ಹೇಳದೇ ಉಳಿದದ್ದೂ ಅದರಲ್ಲಿ ಸೇರಿತ್ತು.

"ಸರಿ ಸರಿ, ಬಿಡು. ದೊಡ್ಡವರು ಮನೆಗೆ ಬಂದಿದ್ದಾರೆ, ಮೊದಲು ಟೀ ಮಾಡೋಣ," ಎಂದು ಅತ್ತೆ ಕೊಸರಿಕೊಂಡು ಕೆಳಗಿಳಿದರು.

ಮುಖ್ಯಸ್ಥರು ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು, ಯಾರಿಗೂ ಕೊಡಲೊಲ್ಲರು. ಅಡುಗೆಮನೆಯಲ್ಲಿ ಡಬ್ಬಗಳ ಸದ್ದಾಯಿತು, ಆಮೇಲೆ ಅತ್ತೆಯ ದನಿ ಬಂತು:

"ಏ ಅಮ್ಮ, ಸಕ್ಕರೆ ಹೆಚ್ಚಿದೆ ಕಣೇ!"

ಮೊಳಕೆ ಮೇಡಂ ನಗುತ್ತ ಎದ್ದು, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟಳು.